ಯೀಸ್ಟ್‌ನಲ್ಲಿ ಕೋಳಿ ಲಸಿಕೆ: ಕೊಕ್ಕರೆ ರೋಗಕ್ಕೋ, ಗಂಬೊರೊಗೋ?

ತೀರ್ಥಹಳ್ಳಿ ಕಡೆ ಮನೆಯಲ್ಲಿ ಬ್ರಾಯ್ಲರ್ ಶೆಡ್ ಇದೆ, ಶಿವಮೊಗ್ಗದಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ಯೀಸ್ಟ್‌ನಿಂದ ಲಸಿಕೆ ಪ್ರೋಟೀನ್ ಮಾಡಬೇಕು, ಯಾವ ರೋಗ ಆರಿಸಿಕೊಳ್ಳಲಿ, ಅದು ಅಪ್ಪನ ಶೆಡ್ಡಿಗೆ ಉಪಯೋಗವಾದೀತೇ ಎಂದು ಕೇಳಿದ್ದೀರಿ. ನಾನು ಪಿಚಿಯಾ ಯೀಸ್ಟ್‌ನಲ್ಲೇ ಕೆಲಸ ಮಾಡುವವನು. ಕೊಕ್ಕರೆ ರೋಗ (ರಾಣಿಖೇತ್) ಬೇಡ, ಗಂಬೊರೊ ತಗೊಳ್ಳಿ. ಅದು ಮರಿಗಳ ರೋಗನಿರೋಧಕ ಶಕ್ತಿಯನ್ನೇ ಕೆಡಿಸುವ ವೈರಸ್ ರೋಗ.

ಮೂರರಿಂದ ಆರು ವಾರದ ಮರಿಗಳ ಬರ್ಸಾ ಗ್ರಂಥಿಯನ್ನು ಈ ವೈರಸ್ ಹಾಳುಮಾಡುತ್ತದೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳು ಬಲಿಯುವ ಜಾಗವೇ ಅದು. ಹಾಗಾಗಿ ಬದುಕುಳಿದ ಕೋಳಿಗೂ ಮುಂದೆ ಹಾಕುವ ಬೇರೆ ಲಸಿಕೆಗಳು ಸರಿಯಾಗಿ ಹಿಡಿಯುವುದಿಲ್ಲ. ವೈರಸ್ಸಿನ ಹೊರಚಿಪ್ಪು ವಿಪಿ2 ಎಂಬ ಒಂದೇ ಪ್ರೋಟೀನಿನದು, ರಕ್ಷಣೆ ಕೊಡುವ ಪ್ರತಿಕಾಯಗಳು ಹುಟ್ಟುವುದೂ ಅದರ ವಿರುದ್ಧವೇ. ಯೀಸ್ಟ್ ಇದನ್ನು ತಯಾರಿಸಿದಾಗ ಅರವತ್ತು ಪ್ರತಿಗಳು ತಾವಾಗಿಯೇ ಕೂಡಿಕೊಂಡು ಸುಮಾರು 25 ನ್ಯಾನೊಮೀಟರಿನ ಪುಟ್ಟ ಗೋಳವಾಗಬಲ್ಲವು. ಕೊಕ್ಕರೆ ರೋಗದ ವೈರಸ್ಸಿಗಾದರೆ ಕೊಬ್ಬಿನ ಹೊದಿಕೆ ಇದೆ. ಅದರ ಎಚ್‌ಎನ್, ಎಫ್ ಪ್ರೋಟೀನುಗಳ ಮೇಲೆ ಸಕ್ಕರೆ ಸರಪಳಿಗಳಿವೆ. ಯೀಸ್ಟ್ ಅಲ್ಲಿ ತನ್ನದೇ ಮ್ಯಾನೋಸ್ ಎಂಬ ಸಕ್ಕರೆಯ ಸರಪಳಿ ಅಂಟಿಸುತ್ತದೆ, ಪ್ರೋಟೀನ್ ಮಡಚಿಕೊಳ್ಳುವ ಆಕಾರವೂ ಕೆಡಬಹುದು. ಸಾಧ್ಯವೇ ಇಲ್ಲವೆಂದಲ್ಲ, ಆದರೆ ಎಂಎಸ್ಸಿ ಅವಧಿಯೆಲ್ಲ ಅದಕ್ಕೇ ಹೋಗುತ್ತದೆ.

ಒಂದು ಮಾತು ಒತ್ತಿ ಹೇಳುತ್ತೇನೆ. ವೈರಸ್ಸನ್ನು ತಡೆಯುವ ಪ್ರತಿಕಾಯಗಳು ಗುರುತಿಸುವುದು ವಿಪಿ2ಯ ಮಡಿಚಿದ ಆಕಾರವನ್ನು. ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಲು ಜೆಲ್ ಓಡಿಸುವಾಗ ಅವನ್ನು ಕುದಿಸಿ ಬಿಚ್ಚಿರುತ್ತೀರಿ. ಅಲ್ಲಿ ದಪ್ಪ ಬ್ಯಾಂಡ್ ಬಂತೆಂದರೆ ಪ್ರಮಾಣ ಗೊತ್ತಾಯಿತು, ಲಸಿಕೆಯ ಗುಣ ಗೊತ್ತಾಗಲಿಲ್ಲ. ಬಿಚ್ಚದ ಪ್ರೋಟೀನಿನ ಮೇಲೆ ಎಲೈಸಾ (ಪ್ರತಿಕಾಯ ಅಂಟುತ್ತದೆಯೇ ಎಂದು ನೋಡುವ ಪರೀಕ್ಷೆ) ಮಾಡಿ, ಸುಕ್ರೋಸ್ ಗ್ರೇಡಿಯೆಂಟಿನಲ್ಲಿ, ಅಂದರೆ ಕೆಳಗೆ ಹೋದಂತೆ ಗಾಢವಾಗುವ ಸಕ್ಕರೆ ದ್ರಾವಣದಲ್ಲಿ ತಿರುಗಿಸಿ, ಕಣ ಎಲ್ಲಿ ನಿಲ್ಲುತ್ತದೆ ನೋಡಿ, ಸಾಧ್ಯವಾದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಗೋಳಗಳನ್ನು ಕಣ್ಣಾರೆ ನೋಡಿ. ನಿಮ್ಮ ಪ್ರಬಂಧದ ಜೀವ ಈ ಅಧ್ಯಾಯದಲ್ಲೇ ಇರಬೇಕು.

ಇನ್ನು ತಯಾರಿಸುವ ಬಗೆ. ಯೀಸ್ಟನ್ನು ಮೊದಲು ಗ್ಲಿಸರಾಲ್‌ನಲ್ಲಿ ಬೆಳೆಸಿ ಆಮೇಲೆ ಮೆಥನಾಲ್ ಕೊಟ್ಟರೆ ಎಒಎಕ್ಸ್1 ಪ್ರಮೋಟರ್ (ಜೀನಿನ ಸ್ವಿಚ್ಚು) ಎಚ್ಚರಗೊಂಡು ವಿಪಿ2 ಜೀನ್ ಕೆಲಸ ಶುರುಮಾಡುತ್ತದೆ. ಮೆಥನಾಲ್ ಅರಗಿಸಲು ಯೀಸ್ಟಿಗೆ ಆಮ್ಲಜನಕ ತುಂಬಾ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಹೋಗಿ, ಫ್ಲಾಸ್ಕ್ ಕುಲುಕಿ ಗಾಳಿಯಾಡಿಸುವ ಶೇಕರ್ ನಿಂತರೆ ಮೆಥನಾಲ್ ಹಾಗೇ ಉಳಿದು ಕೋಶಗಳಿಗೆ ವಿಷವಾಗುತ್ತದೆ. ಶೇಕರಿಗೆ ಯುಪಿಎಸ್ ಇದೆಯೇ ಎಂದು ಕೇಳಿಕೊಂಡೇ ಶುರುಮಾಡಿ. ಕೋಶದ ಗೋಡೆಯೂ ಗಟ್ಟಿ. ಒಳಗಿನ ಪ್ರೋಟೀನ್ ತೆಗೆಯಲು ಗಾಜಿನ ಮಣಿ ಹಾಕಿ ತಂಪಿನಲ್ಲೇ ಒಡೆಯಬೇಕು.

ಈ ದಾರಿ ಹೊಸದಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೊರತಂದ ಹೆಪಟೈಟಿಸ್ ಬಿ ಲಸಿಕೆ ಪಿಚಿಯಾದಲ್ಲೇ ಆದದ್ದು. ಪಿಚಿಯಾದಲ್ಲಿ ಮಾಡಿದ ವಿಪಿ2 ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಕೋಳಿಗಳಿಗೆ ಹಾಕಿದ ವರದಿಯನ್ನು ಇಸ್ರೇಲಿನವರು 2003ರಲ್ಲಿ ಪ್ರಕಟಿಸಿದರು.

ಇನ್ನು ಅಪ್ಪನ ಶೆಡ್. ಈ ಪ್ರೋಟೀನ್ ಕೋಳಿಯ ಮೈಯಲ್ಲಿ ವೃದ್ಧಿಯಾಗುವುದಿಲ್ಲ, ಹಾಗಾಗಿ ಜೀವಂತ ಲಸಿಕೆಯಂತೆ ಕುಡಿಯುವ ನೀರಿಗೆ ಬೆರೆಸಿದರೆ ಪ್ರಯೋಜನವಿಲ್ಲ. ಎಣ್ಣೆಯ ಜೊತೆ ಕಲಸಿ ಒಂದೊಂದು ಕೋಳಿಗೂ ಚುಚ್ಚಬೇಕು. ಸುಮಾರು ಆರು ವಾರಕ್ಕೆ ಮಾರಾಟವಾಗುವ ಬ್ರಾಯ್ಲರಿಗೆ ಆ ಖರ್ಚು, ಆ ಕೂಲಿ ಗಿಟ್ಟುವುದಿಲ್ಲ. ಇದು ಹೆಚ್ಚು ಹೊಂದುವುದು ಮರಿ ಮಾಡಿಸುವ ಹೇಂಟೆಗಳಿಗೆ. ಅವುಗಳ ಪ್ರತಿಕಾಯ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಬಂದು ಮೊದಲ ವಾರಗಳಲ್ಲಿ ಕಾಯುತ್ತದೆ. ಅಪ್ಪ ಈಗ ಹಾಕಿಸುತ್ತಿರುವ ಲಸಿಕೆಯನ್ನು ಪಶುವೈದ್ಯರು ಹೇಳಿದ ದಿನಕ್ಕೇ ಹಾಕಿಸಲಿ.

ಲ್ಯಾಬಿನಲ್ಲಿ ಮಾಡಿದ್ದನ್ನು ಮನೆಯ ಕೋಳಿಗೆ ದಯವಿಟ್ಟು ಚುಚ್ಚಬೇಡಿ. ಕುಲಾಂತರಿ ಯೀಸ್ಟ್ ಕೆಲಸಕ್ಕೆ ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಕೋಳಿಗಳ ಮೇಲೆ ಪರೀಕ್ಷಿಸುವ ಹಂತಕ್ಕೆ ಬಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನವರನ್ನು ಮೊದಲೇ ಕಂಡು ಮಾತಾಡಿ.