ಸ್ಟುಟ್‌ಗಾರ್ಟ್‌ಗೆ ಹೊರಟಿರುವ ತಂಗಿಗೆ, ನಮ್ಮಜ್ಜಿಯ ವಿಚಾರ

ನಿನ್ನ ಪ್ರಶ್ನೆಗಳನ್ನೆಲ್ಲ ಓದಿದೆ. ಯಲಹಂಕದ ಕೆಲಸ ಬಿಟ್ಟು ಏಪ್ರಿಲ್‌ನಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೀಯ. ಮನೆ ಹುಡುಕೋದು ಹೇಗೆ, ಜರ್ಮನ್ ಎಷ್ಟು ಬರಬೇಕು, ಏನೇನು ಕಟ್ಟಿಕೊಂಡು ಬರಬೇಕು, ಚಳಿ ತಡೆಯೋಕೆ ಆಗುತ್ತಾ ಅಂತ ಕೇಳಿದ್ದೀಯ. ಕೊನೆಯಲ್ಲಿ ಇನ್ನೊಂದು ಸಾಲು ಇದೆ: "ದೊಡ್ಡಬಳ್ಳಾಪುರದ ಹತ್ತಿರ ಊರಲ್ಲಿ ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ, ನನ್ನನ್ನ ಸಾಕಿದ್ದೇ ಅವರು. ಬಿಟ್ಟು ಬರೋದು ಸರೀನಾ ಅಕ್ಕಾ?" ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಮೊದಲು ಸುಲಭದ್ದು. ಮನೆ ಸಿಗೋದು ಕಷ್ಟ, ಆದರೆ ಸಿಗುತ್ತದೆ. ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ, ಕಾನೂನೇ ಹಾಗಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದೊಂದು ಸಮಾಧಾನ. ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರ ಪತ್ರ ಬೇಕು, ಒಪ್ಪಂದ ಆಗುವಾಗಲೇ ಕೇಳಿ ಇಸ್ಕೋ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಸ್ಟುಟ್‌ಗಾರ್ಟ್ ಕಡೆ ಕೇರ್‌ವೊಖೆ ಅಂತ ಒಂದು ಪದ್ಧತಿ ಇದೆ. ವಾರಕ್ಕೊಬ್ಬರು ಸರದಿ ಮೇಲೆ ಮೆಟ್ಟಿಲು ಗುಡಿಸಿ ಒರೆಸಬೇಕು. ಬೆಳಗಾದರೆ ಅಂಗಳ ಗುಡಿಸಿ ನೀರು ಹಾಕುವ ಮನೆಯಿಂದ ಬಂದವಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಜರ್ಮನ್ ಈಗಿನಿಂದಲೇ ಕಲಿ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ಡಾಕ್ಟರ್ ಹತ್ತಿರ ಹೋದಾಗ ನಡೆಯಲ್ಲ. ಚಳಿಗೆ ಇಲ್ಲೇ ಬಟ್ಟೆ ತಗೋ, ಬೆಂಗಳೂರಿನ ಜಾಕೆಟ್ ಏನೇನೂ ಸಾಲದು.

ರಾಗಿ ಹಿಟ್ಟು, ಸಾರಿನ ಪುಡಿ, ಹುಣಸೆಹಣ್ಣು, ಹುರಿಹಿಟ್ಟು ತಗೊಂಡು ಬಾ. ತುಪ್ಪ ಬೇಡ. ಹಾಲಿನ ಪದಾರ್ಥವನ್ನು, ಮಾಂಸವನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ನಿಮ್ಮಜ್ಜಿ ಖಂಡಿತ ಬೆಣ್ಣೆ ಕಾಯಿಸಿ ಡಬ್ಬಿ ತುಂಬಿ ಕೊಡುತ್ತಾರೆ. ಊರಲ್ಲೇ ಎದುರಿಗೆ ಕೂತು ಬಿಸಿ ಮುದ್ದೆಗೆ ಹಾಕಿಸಿಕೊಂಡು ತಿಂದು ಬಾ.

ನಾನು ಬಂದದ್ದು ಜನವರಿಯಲ್ಲಿ. ಸಂಜೆ ಐದು ದಾಟಿದರೆ ಕತ್ತಲು. ಪೆಟ್ಟಿಗೆ ಬಿಚ್ಚಿದಾಗ ಸಾರಿನ ಪುಡಿಯ ಡಬ್ಬಿಗೆ ಅಜ್ಜಿ ತನ್ನ ಹಳೇ ಸೀರೆಯ ತುಂಡು ಸುತ್ತಿ ಗಂಟು ಹಾಕಿದ್ದಳು. ಅವಳ ಗಂಟು ಯಾರಿಗೂ ಸುಲಭಕ್ಕೆ ಬಿಚ್ಚೋಕೆ ಬರುತ್ತಿರಲಿಲ್ಲ. ಅದನ್ನು ಬಿಚ್ಚುತ್ತಾ ನೆಲದ ಮೇಲೆ ಕೂತು ಅತ್ತೆ. ನಿನಗೂ ಅಳು ಬರುತ್ತದೆ, ಅತ್ತುಬಿಡು. ಮಾರನೇ ದಿನ ಕೆಲಸಕ್ಕೆ ಹೋಗು.

ಈಗ ನಿನ್ನ ಕೊನೇ ಪ್ರಶ್ನೆ. ಬಾ ಅಂತಲೇ ಹೇಳುತ್ತೇನೆ. ನನ್ನನ್ನೂ ಕಳಿಸಿದ್ದು ಅಜ್ಜಿಯೇ. ಅಮ್ಮ ಹಿಂದೆಮುಂದೆ ನೋಡುತ್ತಿದ್ದಾಗ ಅಜ್ಜಿ ಅಂದಿದ್ದು ಇಷ್ಟೇ: "ಹೋಗ್ಲಿ ಬಿಡೇ, ಇಲ್ಲಿದ್ದು ಏನ್ ಸೊಪ್ಪು ಕುಯ್ತಾಳಾ?" ಆದರೆ ಹೊರಡುವ ಮುಂಚೆ ನೀನು ಮಾಡಬೇಕಾದ ಒಂದು ಕೆಲಸ ಇದೆ. ಅದನ್ನು ಹೇಳಬೇಕಾದರೆ ನಮ್ಮಜ್ಜಿಯ ವಿಚಾರ ಸ್ವಲ್ಪ ಹೇಳಬೇಕು.

ಅಮ್ಮನ ತವರು ದೇವನಹಳ್ಳಿ ತಾಲ್ಲೂಕು, ವಿಜಯಪುರದ ಕಡೆ. ನಾನು ಬೆಳೆದದ್ದೂ ಅಲ್ಲೇ. ರಾಗಿ, ಅವರೆ, ಒಂದೆರಡು ಸೀಮೆಹಸು, ಮತ್ತೆ ರೇಷ್ಮೆ. ಹೊರಗೆ ಕೇಳಿದರೆ ತಾತ ರೇಷ್ಮೆ ಬೆಳೆಗಾರ. ಒಳಗೆ ಹುಳ ಸಾಕಿದ್ದು ಅಜ್ಜಿ. ಬೆಳಗಿನ ಜಾವ ಎದ್ದು ಹಿಪ್ಪುನೇರಳೆ ಸೊಪ್ಪು ಕುಯ್ದು ತಂದು, ಹಾಲು ಕರೆದು ಡೈರಿಗೆ ಕಳಿಸಿ, ಆಮೇಲೆ ಹುಳದ ಮನೆಗೆ ಹೋಗುತ್ತಿದ್ದಳು. ಮರಿ ಹುಳಕ್ಕೆ ಎಳೇ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಹುಳ ನಾಲ್ಕು ಸಲ ಜ್ವರಕ್ಕೆ ಹೋಗುತ್ತದೆ. ಜ್ವರದಲ್ಲಿ ತಿನ್ನಲ್ಲ, ಸುಮ್ನೆ ತಲೆ ಎತ್ತಿಕೊಂಡು ಇರುತ್ತದೆ, ಪೊರೆ ಬಿಡುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ ಶುರುವಾಗುತ್ತದೆ ನೋಡು, ಒಂದು ವಾರ ಹಗಲೂ ರಾತ್ರಿ ಸೊಪ್ಪು ಹಾಕುತ್ತಲೇ ಇರಬೇಕು. ರಾತ್ರಿ ಮಲಗಿದರೆ ಪಕ್ಕದ ಕೋಣೆಯಲ್ಲಿ ಅವು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಆ ವಾರ ಅಜ್ಜಿ ಮಲಗಿದ್ದನ್ನು ನಾನು ನೋಡಿಲ್ಲ.

ಹುಳ ಹಣ್ಣಾದದ್ದನ್ನು ಅವಳು ಕಂಡುಹಿಡಿಯುತ್ತಿದ್ದ ಬಗೆ ಈಗಲೂ ಕಣ್ಣಿಗೆ ಕಟ್ಟಿದೆ. ಒಂದು ಹುಳವನ್ನು ಎರಡು ಬೆರಳಲ್ಲಿ ಎತ್ತಿ ದೀಪಕ್ಕೆ ಹಿಡಿಯುತ್ತಿದ್ದಳು. ಮೈ ಒಳಗಿನಿಂದ ಬೆಳಕು ಹಾಯ್ದು ಹಳದಿಯಾಗಿ ಕಂಡರೆ ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ಚಾಪೆಗೆ, ಇಲ್ಲದಿದ್ದರೆ ವಾಪಸ್ ತಟ್ಟೆಗೆ. ಎಷ್ಟು ಮೆತ್ತಗೆ ಹಿಡಿಯುತ್ತಿದ್ದಳು ಅಂದರೆ, ಅದೇ ಕೈಯಲ್ಲಿ ಕಟ್ಟಿಗೆ ಒಡೆಯುತ್ತಾಳೆ ಅಂತ ನಂಬೋಕೆ ಆಗುತ್ತಿರಲಿಲ್ಲ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇತ್ತು ಅವಳಿಗೆ. ಹುಳ ಮನೆಯಲ್ಲಿದ್ದಷ್ಟು ದಿನ ಅದನ್ನು ಮುಟ್ಟುತ್ತಿರಲಿಲ್ಲ. ಹೊಗೆಸೊಪ್ಪಿನ ಸೋಂಕು ತಗುಲಿದರೆ ಹುಳ ಸಾಯುತ್ತದೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಅದು ಹುಳದ ಮೈಮೇಲೆ ಮೊಟ್ಟೆ ಇಟ್ಟರೆ ಬೆಳೆ ಹಾಳು. ಆಗ ಕಿಟಕಿಗೆಲ್ಲ ತನ್ನ ಸೀರೆಗಳನ್ನು ಬಿಗಿದು ಕಟ್ಟಿದ್ದಳಂತೆ. ಸೊಳ್ಳೆಪರದೆ ಬಟ್ಟೆ ಬಂದದ್ದು ಆಮೇಲೆ.

ಗೂಡು ಶಿಡ್ಲಘಟ್ಟದ ಮಾರ್ಕೆಟ್‌ಗೆ ಹೋಗುತ್ತಿತ್ತು. ಮಾರುವುದು ತಾತ, ದುಡ್ಡು ಎಣಿಸುವುದು ತಾತ. ಆ ದುಡ್ಡಿನಲ್ಲೇ ಚಿಕ್ಕಮ್ಮನ ಮದುವೆ, ಮಾಮನ ಬೋರ್‌ವೆಲ್, ಬೆಂಗಳೂರಿನಲ್ಲಿ ನನ್ನ ಇಂಜಿನಿಯರಿಂಗ್ ಫೀಸು. ನನ್ನ ಡಿಗ್ರಿ ಸರ್ಟಿಫಿಕೇಟ್ ಇಲ್ಲಿ ಗೋಡೆ ಮೇಲೆ ಇದೆ. ಯಾರಾದರೂ ಕೇಳಿದರೆ, ಇದು ನಮ್ಮಜ್ಜಿ ಸಾಕಿದ ಹುಳದ ದುಡ್ಡು ಅಂತಲೇ ಹೇಳುತ್ತೇನೆ.

ಇಷ್ಟೆಲ್ಲ ಮಾಡಿದವಳ ಹೆಸರು ಯಾವ ಕಾಗದದಲ್ಲಿ ಇದೆ ಹೇಳು? ಪಹಣಿಯಲ್ಲಿ ತಾತ. ಮಾರ್ಕೆಟ್ ಚೀಟಿಯಲ್ಲಿ ತಾತ. ಡೈರಿ ಪುಸ್ತಕದಲ್ಲಿ ಮಾಮ. ತಾತ ಹೋದ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಮಾಡಿಸಿದಾಗ ಒಂದು ಸಾಲಿನಲ್ಲಿ 'ಪತ್ನಿ' ಅಂತ ಬಂದಳು. ಆಧಾರ್‌ನಲ್ಲಿ ಹುಟ್ಟಿದ ದಿನ ಜನವರಿ 1. ಹುಟ್ಟಿದ ದಿನ ಗೊತ್ತಿಲ್ಲದ ಹಳ್ಳಿಯ ಹಿರಿಯರಿಗೆಲ್ಲ ಅದೇ ದಿನ, ಅಲ್ವಾ?

ಅವಳು ತೀರಿಕೊಂಡ ಸುದ್ದಿ ಬಂದಾಗ ಇಲ್ಲಿ ಬೆಳಿಗ್ಗೆ, ಅಲ್ಲಿ ಮಧ್ಯಾಹ್ನ. ಮಾಮ ಫೋನಿನಲ್ಲಿ, "ಬಾಕ್ಸ್ ತರಿಸ್ತೀನಿ, ನಾಳೆ ತನಕ ಇಟ್ಕೋಬಹುದು, ಬರ್ತೀಯಾ?" ಅಂದ. ಅಜ್ಜಿ ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದಳು, ನನ್ನನ್ನ ಪೆಟ್ಟಿಗೆಯಲ್ಲಿ ಇಡಬೇಡಿ, ಯಾರಿಗೂ ಕಾಯಬೇಡಿ, ಹೊತ್ತು ಮುಳುಗುವ ಮೊದಲು ತೋಟದಲ್ಲಿ ತಾತನ ಪಕ್ಕ ಮಣ್ಣು ಮಾಡಿ ಅಂತ. ಹಾಗೇ ಮಾಡಿ ಮಾಮ ಅಂದೆ. ಕೊನೆಗೆ ಮುಖ ನೋಡಿದ್ದು ಯಾರೋ ಹಿಡಿದ ಫೋನಿನಲ್ಲಿ. ಬದುಕಿದ್ದಾಗ ವಿಡಿಯೊ ಕಾಲ್ ಮಾಡಿದರೆ ಫೋನನ್ನು ಕಿವಿಗೇ ಒತ್ತಿ ಹಿಡಿಯುತ್ತಿದ್ದಳು, ನನಗೆ ಅವಳ ಕೆಂಪು ಹರಳಿನ ಓಲೆ ಮಾತ್ರ ಕಾಣುತ್ತಿತ್ತು. ಮುಖ ಪೂರ್ತಿ ಕಂಡಿದ್ದು ಅವತ್ತೇ.

ರಜೆಯ ವಿಚಾರ ಇಲ್ಲೇ ಹೇಳಿಬಿಡುತ್ತೇನೆ. ವಾರಕ್ಕೆ ಐದು ದಿನ ಕೆಲಸ ಅಂದರೆ ವರ್ಷಕ್ಕೆ ಕಡಿಮೆಯೆಂದರೂ 20 ದಿನ ರಜೆ ಕೊಡಲೇಬೇಕು, ಬಹಳ ಕಡೆ ಜಾಸ್ತಿ ಕೊಡುತ್ತಾರೆ. ಸಾವಿಗೆ ಪ್ರತ್ಯೇಕ ರಜೆ ಅಂತ ಕೊಡುವುದು ಹೆಚ್ಚಾಗಿ ಅಪ್ಪ, ಅಮ್ಮ, ಗಂಡ, ಮಕ್ಕಳಿಗೆ. ಅಜ್ಜಿ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರಲ್ಲ. "ಸಾಕಿದವಳು" ಅನ್ನುವುದಕ್ಕೆ ಅವರ ಫಾರಂನಲ್ಲಿ ಜಾಗ ಇಲ್ಲ. ಒಂದಷ್ಟು ರಜೆ ಯಾವಾಗಲೂ ಉಳಿಸಿಕೊಂಡಿರು, ಟಿಕೆಟ್ ದುಡ್ಡು ಬ್ಯಾಂಕಿನಲ್ಲಿ ಬೇರೆಯೇ ಇಟ್ಟಿರು. ವೀಸಾ ನವೀಕರಣಕ್ಕೆ ಕೊಟ್ಟಿದ್ದರೆ, ಹೊರಡುವ ಮೊದಲು ವಾಪಸ್ ಬರೋಕೆ ಆಗುತ್ತಾ ಅಂತ ಅವರು ಕೊಡುವ ತಾತ್ಕಾಲಿಕ ಕಾಗದದಲ್ಲಿ ನೋಡಿಕೋ.

ನಾನು ತಿಥಿಗೆ ಹೋಗಿ ಸೇರಿದೆ. ಹನ್ನೊಂದನೇ ದಿನ. ಎಡೆ ಇಡಬೇಕು, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಇಡಬೇಕು, ನಿಂಗೆ ಗೊತ್ತಲ್ಲ. ಹಿಂದಿನ ರಾತ್ರಿ ಅಡುಗೆ ಮನೆಯಲ್ಲಿ ಕೂತು ಪಟ್ಟಿ ಮಾಡುತ್ತಿದ್ದೆವು. ಅಮ್ಮ, ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ನಾನು. ದೊಡ್ಡಮ್ಮ ಹಿತಕಿದ ಬೇಳೆ ಸಾರು ಅಂದರು. ಅದು ತಾತನಿಗೆ ಇಷ್ಟ ಅಂದರು ಅಮ್ಮ. ಒಬ್ಬಟ್ಟು? ಅದು ಮಾಮನಿಗೆ. ಅಕ್ಕಿ ರೊಟ್ಟಿ ನನಗೆ. ಕಜ್ಜಾಯ ಚಿಕ್ಕಮ್ಮನಿಗೆ. ಮನೆಯಲ್ಲಿ ಯಾರ್‍ಯಾರಿಗೆ ಏನೇನು ಇಷ್ಟ ಅಂತ ಅಜ್ಜಿಗೆ ಗೊತ್ತಿತ್ತು. ಅಜ್ಜಿಗೆ ಏನು ಇಷ್ಟ ಅಂತ ಅಲ್ಲಿ ಕೂತಿದ್ದ ನಮಗೊಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರದ್ದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಮುದ್ದೆಗೆ ಹಚ್ಚಿಕೊಂಡು ಒಲೆ ಮುಂದೆ ಕೂತು ಉಣ್ಣುತ್ತಿದ್ದಳು. ಅಮ್ಮ ಪೆನ್ನು ಕೆಳಗಿಟ್ಟು ಸುಮ್ಮನಾದರು.

ಬೆಳಿಗ್ಗೆ ಪಕ್ಕದ ಹೊಲದ ಅಜ್ಜಿ ಕೋಲೂರಿಕೊಂಡು ಬಂದರು. ಎಲೆ ಮೇಲೆ ಇಟ್ಟದ್ದನ್ನೆಲ್ಲ ನೋಡಿದರು. "ಏನ್ರಪ್ಪಾ, ಚಕ್ಕೋತ ಇಟ್ಟಿಲ್ವಾ? ನಿಮ್ಮವ್ವಂಗೆ ಅದಂದ್ರೆ ಪ್ರಾಣ" ಅಂದರು. ಸೊಪ್ಪು ಕುಯ್ಯೋಕೆ ಹೋದಾಗ ಇಬ್ಬರೂ ಬಾವಿ ಹತ್ತಿರದ ಮರದಿಂದ ಒಂದು ಹಣ್ಣು ಕಿತ್ತು, ದಪ್ಪ ಸಿಪ್ಪೆ ಸುಲಿದು, ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಉಪ್ಪು ಖಾರ ಹಚ್ಚಿ ತಿನ್ನುತ್ತಿದ್ದರಂತೆ. ಎಷ್ಟೋ ವರ್ಷ. ನಮ್ಮಲ್ಲಿ ಯಾರೂ ನೋಡಿಯೇ ಇರಲಿಲ್ಲ.

ಅವರು ಇನ್ನೊಂದು ಹೇಳಿದರು. ಒಂದು ಸಲ ಕೈವಾರಕ್ಕೆ ಹೋಗಿ ಬರುತ್ತೇವೆ ಅಂತ ಮನೆಯಲ್ಲಿ ಹೇಳಿ, ಇಬ್ಬರೂ ಬಸ್ ಹತ್ತಿ ಶಿಡ್ಲಘಟ್ಟದಲ್ಲಿ ಇಳಿದು ಗೂಡು ಮಾರ್ಕೆಟ್ ನೋಡಿ ಬಂದಿದ್ದರಂತೆ. ತಾನು ಸಾಕಿದ್ದು ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕು ಅಂದಿದ್ದಳಂತೆ ಅಜ್ಜಿ. ಒಳಗೆ ಹೋಗಿ, ಯಾರದ್ದೋ ರಾಶಿಯಿಂದ ಒಂದು ಗೂಡು ಎತ್ತಿ ಅಮುಕಿ ನೋಡಿ, "ನಮ್ದೇ ಗಟ್ಟಿ ಕಣೇ" ಅಂದಳಂತೆ. ಅದನ್ನು ಕೇಳಿ ಮಾಮ ಕಂಬ ಹಿಡಿದು ನಿಂತುಬಿಟ್ಟ. ಅಷ್ಟು ವರ್ಷ ತಾತನ ಜೊತೆ ಮಾರ್ಕೆಟ್‌ಗೆ ಗೂಡು ಹೊತ್ತುಕೊಂಡು ಹೋದವನು ಅವನು, ಒಂದು ದಿನವೂ ಅವ್ವ ನೀನೂ ಬಾ ಅಂದಿರಲಿಲ್ಲ.

ಚಕ್ಕೋತ ಹುಡುಕೋಕೆ ಮಾಮ ಬೈಕ್ ತಗೊಂಡು ಹೊರಟ. ದೇವನಹಳ್ಳಿ ಚಕ್ಕೋತಕ್ಕೆ ಈಗ ಜಿಐ ಟ್ಯಾಗ್, ಅಂದರೆ ಈ ಊರಿನದೇ ಹಣ್ಣು ಅನ್ನುವ ಸರ್ಕಾರಿ ಗುರುತು ಇದೆ, ಆದರೆ ಮರಗಳು ಕಡಿಮೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಮುತ್ತ ತೋಟಗಳೆಲ್ಲ ಲೇಔಟ್ ಆದವು. ಆ ಬಾವಿ ಹತ್ತಿರದ ಮರವೂ ಇಲ್ಲ. ಕೊನೆಗೆ ಟೌನಿನಲ್ಲಿ ಯಾರದೋ ಹಿತ್ತಲಿನಿಂದ ಒಂದು ಹಣ್ಣು ಸಿಕ್ಕಿತು. ಅಮ್ಮ ಉಪ್ಪು ಖಾರ ಸೇರಿಸಿ ಎಡೆಗೆ ಇಟ್ಟರು.

ನನಗೆ ಇವತ್ತಿಗೂ ಕೊರಗು ಇರುವುದು ಮಣ್ಣಿಗೆ ಹೋಗಲಿಲ್ಲ ಅಂತ ಅಲ್ಲ. ಆ ಹಣ್ಣನ್ನು ಅವಳ ಜೊತೆ ಕೂತು ತಿನ್ನಲಿಲ್ಲವಲ್ಲ, ಆ ಮಾರ್ಕೆಟ್ ಕಥೆಯನ್ನು ಅವಳ ಬಾಯಿಂದ ಕೇಳಲಿಲ್ಲವಲ್ಲ ಅಂತ.

ಅದಕ್ಕೇ ಹೇಳುತ್ತಿರುವುದು. ಈಗ ಅವರೆಕಾಯಿ ಕಾಲ. ಈ ಶನಿವಾರವೇ ಊರಿಗೆ ಹೋಗು. ಎದುರಿಗೆ ಕೂರಿಸಿ ಪ್ರಶ್ನೆ ಕೇಳಿದರೆ ನಿಮ್ಮಜ್ಜಿ ಏನೂ ಹೇಳಲ್ಲ, "ನಂದೇನಿದೆ ಬಿಡು" ಅಂತಾರೆ. ಒಂದು ಮೊರ ಅವರೆಕಾಯಿ ಮಧ್ಯೆ ಇಟ್ಟುಕೊಂಡು ಜೊತೆಗೆ ಬಿಡಿಸು. ಕೈಗೆ ಕೆಲಸ ಇದ್ದರೆ ಮಾತು ತಾನಾಗಿ ಬರುತ್ತದೆ. ಫೋನಿನಲ್ಲಿ ರೆಕಾರ್ಡ್ ಹಾಕಿ ಪಕ್ಕಕ್ಕೆ ಇಟ್ಟುಬಿಡು. ತವರಿನಲ್ಲಿ ಯಾರ ಜೊತೆ ಆಡುತ್ತಿದ್ದರು, ಅವರ ಅವ್ವನ ಹೆಸರೇನು, ಈ ಮನೆಗೆ ಬಂದ ಮೊದಲ ದಿನ ಏನು ಅಡುಗೆ ಮಾಡಿದರು, ಹೊಲದಲ್ಲಿ ಯಾವ ಮೂಲೆ ಇಷ್ಟ, ಯಾರ ಮೇಲೆ ಸಿಟ್ಟಿದೆ. ಏನು ತಿನ್ನೋಕೆ ಇಷ್ಟ ಅಂತ ಮರೆಯದೆ ಕೇಳು. "ಏನಾದ್ರೂ ಸರಿ" ಅಂದರೆ ಬಿಡಬೇಡ, ಮತ್ತೆ ಕೇಳು. ಅವರ ಗೆಳತಿ ಯಾರಾದರೂ ಬದುಕಿದ್ದರೆ ಅವರನ್ನೂ ಹೋಗಿ ಮಾತಾಡಿಸು. ಒಂದು ಒಳ್ಳೆ ಫೋಟೊ ತೆಗೆ, ಒಬ್ಬರದ್ದೇ. ನಮ್ಮಜ್ಜಿಯ ತಿಥಿಗೆ ಚಿಕ್ಕಮ್ಮನ ಮದುವೆ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಬೇಕಾಯಿತು. ಭುಜದ ಮೇಲೆ ಯಾರದೋ ಕೈ ಹಾಗೇ ಉಳಿದಿದೆ.

ಟಿಕೆಟ್ ಆದ ಮೇಲೆ ತಿಳಿಸು. ಫ್ರಾಂಕ್‌ಫರ್ಟ್‌ಗೆ ಬೆಂಗಳೂರಿನಿಂದ ನೇರ ವಿಮಾನ ಇದೆ. ಇಳಿದ ಮೇಲೆ ಏರ್‌ಪೋರ್ಟಿನಲ್ಲೇ ರೈಲು ಹತ್ತಬಹುದು, ಸ್ಟೇಷನ್‌ಗೆ ನಾನು ಬರುತ್ತೇನೆ. ಮನೆ ಸಿಗುವ ತನಕ ನಮ್ಮಲ್ಲಿ ಒಂದು ಕೋಣೆ ಇದೆ, ಸಂಕೋಚ ಬೇಡ. ನಿಮ್ಮಜ್ಜಿಯ ಫೋನ್ ನಂಬರ್ ನನಗೂ ಕೊಟ್ಟಿರು. ನೀನು ರೈಲಿನಲ್ಲಿ ನಿದ್ದೆ ಮಾಡು, ಮುಟ್ಟಿದಳು ಅಂತ ನಾನೇ ಅವರಿಗೆ ಹೇಳುತ್ತೇನೆ.