ತಾರಸಿಯ ಸೊಪ್ಪು, ಮಗುವಿನ ತುತ್ತು: ಓದುಗರ ಪ್ರಶ್ನೆಗಳಿಗೆ ಆಹಾರ ತಜ್ಞರ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ಈಗ ಏಳು ತಿಂಗಳು. ದಾವಣಗೆರೆಯ ನಮ್ಮ ಮನೆಯ ತಾರಸಿಯಲ್ಲಿ ಪಾಲಕ್, ಹರಿವೆ, ಬಸಳೆ ಬೆಳೆದಿದ್ದೇವೆ. ಡ್ರಮ್ಮಿನಲ್ಲಿ ಒಂದು ನುಗ್ಗೆ ಗಿಡವೂ ಇದೆ. ಔಷಧಿ ಹೊಡೆಯದ ಸೊಪ್ಪೆಂಬ ಧೈರ್ಯದಿಂದ ಮಗುವಿಗೂ ಕೊಡೋಣವೆಂದರೆ, ವರ್ಷ ತುಂಬುವ ಮೊದಲು ಸೊಪ್ಪು ತಿನ್ನಿಸಿದರೆ ಭೇದಿಯಾಗುತ್ತದೆ, ಶೀತವಾಗುತ್ತದೆ ಎಂದು ಅತ್ತೆಯವರು ಬೇಡವೆನ್ನುತ್ತಾರೆ. ಎದೆಹಾಲಿನ ಜೊತೆಗೆ ಸದ್ಯ ರಾಗಿ ಸರಿಯನ್ನು ಮಾತ್ರ ಕೊಡುತ್ತಿದ್ದೇನೆ. ಸೊಪ್ಪು ಕೊಡಬಹುದೇ? ಎಷ್ಟು, ಹೇಗೆ?

ಉತ್ತರ: ಕೊಡಬಹುದು. ಆರು ತಿಂಗಳು ತುಂಬಿದ ಮಗುವಿಗೆ ಎದೆಹಾಲನ್ನು ಮುಂದುವರಿಸುತ್ತಲೇ ಧಾನ್ಯ, ಬೇಳೆ, ತರಕಾರಿ, ಸೊಪ್ಪು, ಹಣ್ಣುಗಳನ್ನು ಒಂದೊಂದಾಗಿ ಪರಿಚಯಿಸಬೇಕು; ಸೊಪ್ಪಿಗಾಗಿ ವರ್ಷ ತುಂಬುವ ತನಕ ಕಾಯಬೇಕಾದ ಕಾರಣವಿಲ್ಲ. ನಿಮ್ಮ ಅತ್ತೆಯವರ ಆತಂಕಕ್ಕೂ ಒಂದು ಮೂಲವಿದೆ. ಸೊಪ್ಪು ತಿಂದ ಮರುದಿನ ಮಗುವಿನ ಮಲ ಹಸಿರಾಗಿಯೋ ಸ್ವಲ್ಪ ಸಡಿಲವಾಗಿಯೋ ಕಾಣುವುದುಂಟು, ಅದನ್ನು ಕಂಡ ಹಿರಿಯರು ಹೊಟ್ಟೆ ಕೆಟ್ಟಿತೆಂದು ಭಾವಿಸುವುದು ಸಹಜ. ಮಗು ಎಂದಿನಂತೆ ಆಡಿಕೊಂಡು, ಹಾಲು ಕುಡಿದುಕೊಂಡು, ಮೂತ್ರ ಮಾಡುತ್ತಿದ್ದರೆ ಅದು ಎಲೆಯ ಬಣ್ಣವಷ್ಟೇ. ನೀರಿನಂಥ ಮಲ ಪದೇ ಪದೇ ಹೋಗುತ್ತಿದ್ದರೆ, ಜ್ವರವಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಮಾತ್ರ ವೈದ್ಯರನ್ನು ಕಾಣಬೇಕು. ಶೀತವಾಗುವುದು ವೈರಾಣುವಿನಿಂದ, ಸೊಪ್ಪಿನಿಂದಲ್ಲ.

ಇಲ್ಲಿ ನಿಮ್ಮ ಗಮನಕ್ಕೆ ತರಬೇಕಾದ ಬೇರೊಂದು ಸಂಗತಿಯಿದೆ. ರಾಗಿ ಸರಿ ಒಳ್ಳೆಯ ಆಹಾರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುತ್ತದೆ, ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಹಿಟ್ಟು ಮಾಡಿದರೆ ಗಂಜಿ ಹೆಚ್ಚು ನೀರು ಬೇಡದೆಯೇ ತೆಳುವಾಗುವುದರಿಂದ ಸಣ್ಣ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. ಆದರೆ ದಿನವೂ ಅದೊಂದನ್ನೇ ಕೊಡುವುದು ಸಾಲದು. ತಾಯಿಯ ಗರ್ಭದಲ್ಲಿದ್ದಾಗ ಮಗು ಕೂಡಿಟ್ಟುಕೊಂಡ ಕಬ್ಬಿಣಾಂಶ ಸರಿಸುಮಾರು ಆರು ತಿಂಗಳಿಗೆ ಕರಗುತ್ತಾ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣದ ಪ್ರಮಾಣ ಕಡಿಮೆ, ರಾಗಿಯ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ಅದರಲ್ಲಿರುವ ಫೈಟೇಟ್ ಎಂಬ ಸಂಯುಕ್ತ ತಡೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 67ರಷ್ಟು ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಅನುಕೂಲವಂತರ ಮನೆಯ ಮಕ್ಕಳೂ ಈ ಲೆಕ್ಕದಿಂದ ಹೊರಗಿಲ್ಲ.

ಹಾಗೆಂದು ತಾರಸಿಯ ಪಾಲಕ್ ಅಥವಾ ನುಗ್ಗೆಸೊಪ್ಪೇ ಈ ಕೊರತೆಯನ್ನು ನೀಗಿಸುತ್ತದೆಂದು ನಂಬಿಕೊಳ್ಳಬೇಡಿ. ಮಗು ಒಂದು ಹೊತ್ತಿಗೆ ತಿನ್ನುವ ಸೊಪ್ಪು ಒಂದೆರಡು ಚಮಚ. ಸಸ್ಯದ ಕಬ್ಬಿಣದಲ್ಲಿ ದೇಹಕ್ಕೆ ಸೇರುವುದು ಸಣ್ಣ ಪಾಲು. ಪಾಲಕ್‌ನಲ್ಲಂತೂ ಹೀರಿಕೆಗೆ ಅಡ್ಡಿಯಾಗುವ ಅಂಶಗಳಿರುವುದರಿಂದ ಆ ಪಾಲೂ ಕುಗ್ಗುತ್ತದೆ. ಆದ್ದರಿಂದ ಸೊಪ್ಪನ್ನು ಸದಾ ಬೇಳೆಯೊಡನೆ ಬೇಯಿಸಿ, ಒಲೆಯಿಂದ ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಅದರಲ್ಲಿನ ಸಿ ಜೀವಸತ್ವ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ನಿಮ್ಮ ಮನೆಯಲ್ಲಿ ಮೊಟ್ಟೆ, ಮೀನು, ಮಾಂಸ ತಿನ್ನುವ ರೂಢಿಯಿದ್ದರೆ ಅವನ್ನು ಚೆನ್ನಾಗಿ ಬೇಯಿಸಿ, ನುಣ್ಣಗೆ ಮಾಡಿ ಈಗಲೇ ಆರಂಭಿಸಬಹುದು. ಆರು ತಿಂಗಳು ತುಂಬಿದ ಮಕ್ಕಳಿಗೆ ವಾರಕ್ಕೆ ಎರಡು ಬಾರಿ, ಒಂದೊಂದು ಮಿಲಿಲೀಟರ್‌ನಂತೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಸಿರಪ್ ಕೊಡುವ ಸರ್ಕಾರಿ ಕಾರ್ಯಕ್ರಮವಿದೆ. ಇದುವರೆಗೆ ಪಡೆದಿಲ್ಲವಾದರೆ ನಿಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗು ಅವಧಿಗೆ ಮುನ್ನ ಹುಟ್ಟಿದ್ದರೆ ಅಥವಾ ತೂಕ ಕಡಿಮೆಯಿದ್ದರೆ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಅಡುಗೆಯ ಕ್ರಮ ಸರಳ. ಮನೆಮಂದಿಗೆಲ್ಲ ಬೇಯಿಸುವ ತೊಗರಿಬೇಳೆ ಅಥವಾ ಹೆಸರುಬೇಳೆಯ ಪಾತ್ರೆಗೆ ಎಳೆಯ ಹರಿವೆಯನ್ನೋ ನುಗ್ಗೆಯ ಚಿಗುರನ್ನೋ ಹಾಕಿ ಮೆತ್ತಗೆ ಬೇಯಿಸಿ. ಉಪ್ಪು, ಹುಳಿ, ಖಾರ ಬೀಳುವ ಮುನ್ನ ಮಗುವಿನ ಪಾಲನ್ನು ಬೇರೆ ತೆಗೆದು, ಅನ್ನದೊಡನೆ ಕಿವಿಚಿ, ಅರ್ಧ ಚಮಚ ತುಪ್ಪ ಸೇರಿಸಿ ತಿನ್ನಿಸಿ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಯಾವುದೂ ಬೇಕಿಲ್ಲ. ಹೊಸ ಸೊಪ್ಪೊಂದನ್ನು ಕೊಟ್ಟ ಮೇಲೆ ಎರಡು ಮೂರು ದಿನ ಬೇರೆ ಹೊಸದನ್ನು ಸೇರಿಸದಿದ್ದರೆ, ಯಾವುದಾದರೂ ಒಗ್ಗದಿದ್ದಾಗ ಪತ್ತೆ ಹಚ್ಚುವುದು ಸುಲಭ. ಏಳು ತಿಂಗಳಿಗೆ ದಿನಕ್ಕೆ ಎರಡು ಮೂರು ಬಾರಿ, ಪ್ರತಿ ಸಲ ಎರಡು ಮೂರು ದೊಡ್ಡ ಚಮಚದಿಂದ ಆರಂಭಿಸಿ ಕ್ರಮೇಣ ಅರ್ಧ ಬಟ್ಟಲಿನವರೆಗೆ ಹೆಚ್ಚಿಸಬಹುದು. ಮಿಕ್ಸಿಯಲ್ಲಿ ನೀರಿನಂತೆ ಅರೆಯುವುದಕ್ಕಿಂತ ಕೈಯಲ್ಲಿ ಕಿವಿಚುವುದೇ ಮೇಲು, ಚಮಚವನ್ನು ಓರೆ ಮಾಡಿದರೆ ಥಟ್ಟನೆ ಸುರಿಯದಷ್ಟು ಗಟ್ಟಿಯಿರಲಿ.

ಕೊನೆಗೊಂದು ಮಾತು ನಿಮ್ಮ ತಟ್ಟೆಯ ಬಗ್ಗೆ. ಬಾಣಂತನದ ಪಥ್ಯವೆಂದು ಸೊಪ್ಪು ತರಕಾರಿಗಳನ್ನು ಬಿಟ್ಟ ಅನೇಕ ತಾಯಂದಿರು ಮಗುವಿಗೆ ಏಳೆಂಟು ತಿಂಗಳಾದರೂ ಅವಕ್ಕೆ ಮರಳಿರುವುದಿಲ್ಲ. ಹಾಲೂಡಿಸುವ ತಾಯಿಗೆ ಈ ಅವಧಿಯಲ್ಲಿ ದಿನಕ್ಕೆ ಸುಮಾರು 500 ಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕು. ತಾರಸಿಯ ಬಸಳೆ ಮೊದಲು ನಿಮ್ಮ ಊಟಕ್ಕೆ ಸೇರಲಿ. ಮಗು ಅದೇ ಪಾತ್ರೆಯಿಂದ ತನ್ನ ಪಾಲು ಪಡೆಯುತ್ತದೆ.

ಪ್ರಶ್ನೆ: ನಮ್ಮ ಕುಂಡಗಳ ಹರಿವೆ ಮತ್ತು ಬಸಳೆಗೆ ಗಿಡಹೇನು ಮುತ್ತಿದೆ. ತಂಬಾಕಿನ ಕಷಾಯ ಸಿಂಪಡಿಸಿದರೆ ಒಂದೇ ದಿನದಲ್ಲಿ ಹೋಗುತ್ತದೆ, ಜೀವಾಮೃತ ಹೊಡೆದರೆ ಎಲೆಗೆ ಬಲ ಬರುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಮ್ಮ ಒಂಬತ್ತು ತಿಂಗಳ ಮಗು ಅಂಬೆಗಾಲಿಡುತ್ತಾ ಕುಂಡಗಳ ಬಳಿಗೇ ಬರುತ್ತದೆ. ಇವು ಸುರಕ್ಷಿತವೇ?

ಉತ್ತರ: ತಂಬಾಕಿನ ಕಷಾಯ ಖಂಡಿತ ಬೇಡ. ಅದರಲ್ಲಿ ಹುಳುವನ್ನು ಕೊಲ್ಲುವುದು ನಿಕೋಟಿನ್, ಅದೇ ನಿಕೋಟಿನ್ ಚರ್ಮದ ಮೂಲಕವೂ ದೇಹಕ್ಕೆ ಇಳಿಯುತ್ತದೆ, ಪುಟ್ಟ ಮಗುವಿಗೆ ಅತಿ ಕಡಿಮೆ ಪ್ರಮಾಣವೂ ಅಪಾಯ. ಮನೆಯಲ್ಲೇ ತಯಾರಿಸಿದ್ದು, ಗಿಡಮೂಲದ್ದು ಎಂಬ ಮಾತ್ರಕ್ಕೆ ಯಾವುದೂ ನಿರುಪದ್ರವಿಯಾಗುವುದಿಲ್ಲವೆಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಬೇವಿನೆಣ್ಣೆಯ ವಿಷಯದಲ್ಲಿಯೂ ಇದು ನಿಜ. ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಅದು ನೀರಿನಲ್ಲಿ ಬೆರೆಯಲೆಂದು ಸ್ವಲ್ಪ ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಎಲೆಯಡಿ ಸಿಂಪಡಿಸುವುದು ಗಿಡಹೇನಿಗೆ ಒಳ್ಳೆಯ ಉಪಾಯ. ಆದರೆ ಬೇವಿನೆಣ್ಣೆ ಕುಡಿದ ಶಿಶುಗಳಿಗೆ ಅಪಸ್ಮಾರ ಬಂದು ಮಿದುಳಿಗೆ ಹಾನಿಯಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಶೀಶೆಯನ್ನು ಬೀಗ ಹಾಕುವ ಕಪಾಟಿನಲ್ಲಿಡಿ, ಹೊಟ್ಟೆಹುಳಕ್ಕೆಂದು ಮಗುವಿನ ಬಾಯಿಗೆ ಹನಿ ಹಾಕುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬೇಡಿ. ಬಜೆ ಬೇರನ್ನು ತೇಯ್ದು ನೆಕ್ಕಿಸುವುದೂ ಬೇಡ. ಅದರಲ್ಲಿರುವ ಅಸರೋನ್ ಎಂಬ ರಾಸಾಯನಿಕ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕ್ಯಾನ್ಸರ್‌ಕಾರಕವೆಂದು ಕಂಡುಬಂದಿದೆ.

ಹತ್ತಿಪ್ಪತ್ತು ಕುಂಡಗಳ ತೋಟಕ್ಕೆ ಸಿಂಪಡಣೆಯೇ ಬೇಕಾಗದಿರಬಹುದು. ಮುತ್ತಿದ ತುದಿಗಳನ್ನು ಕಿತ್ತು ದೂರ ಹಾಕಿ, ಉಳಿದ ಎಲೆಗಳ ಅಡಿಭಾಗಕ್ಕೆ ಮೂರು ನಾಲ್ಕು ದಿನ ನೀರನ್ನು ರಭಸವಾಗಿ ಹಾಯಿಸಿದರೆ ಗಿಡಹೇನು ಬಹುಮಟ್ಟಿಗೆ ಉದುರಿ ಹೋಗುತ್ತದೆ. ಹರಿವೆ ತೀರಾ ಹಾಳಾಗಿದ್ದರೆ ಅದನ್ನು ಉಳಿಸಲು ಹೆಣಗುವ ಬದಲು ಕಿತ್ತು ಹೊಸದಾಗಿ ಬಿತ್ತುವುದೇ ಜಾಣತನ: ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿ ಬಿತ್ತಿದ ಸುಮಾರು ಇಪ್ಪತ್ತೈದು ದಿನಕ್ಕೆ ಮೊದಲ ಕೊಯ್ಲಿಗೆ ಬರುತ್ತದೆ, ಕತ್ತರಿಸಿದಂತೆ ಮತ್ತೆ ಚಿಗುರುತ್ತದೆ. ಎರಡು ವಾರಕ್ಕೊಮ್ಮೆ ಒಂದೊಂದು ತೊಟ್ಟಿಯಲ್ಲಿ ಬಿತ್ತುತ್ತಾ ಹೋದರೆ ಸೊಪ್ಪು ಯಾವಾಗಲೂ ಎಳೆಯದೇ ಸಿಗುತ್ತದೆ.

ಜೀವಾಮೃತ ಸಗಣಿ ಮತ್ತು ಗಂಜಲದಿಂದ ಆಗುವಂಥದ್ದು, ಅದರಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳೂ ಇರಬಲ್ಲವು. ಅದನ್ನು ಎಲೆಯ ಮೇಲೆ ಸಿಂಪಡಿಸದೆ ನುಗ್ಗೆ, ನಿಂಬೆ, ಕರಿಬೇವಿನಂಥ ದೀರ್ಘಕಾಲದ ಗಿಡಗಳ ಬುಡಕ್ಕೆ ಹಾಕಿ. ತಿಂಗಳೊಳಗೆ ಕೊಯ್ಯುವ ಸೊಪ್ಪಿಗೆ ಪೂರ್ತಿ ಕಳಿತ ಎರೆಗೊಬ್ಬರವೇ ಸಾಕು. ಸೊಪ್ಪು ದಟ್ಟವಾಗಿ ಬೆಳೆಯಲೆಂದು ಯೂರಿಯಾ ಹಾಕುವುದೂ ಸರಿಯಲ್ಲ, ಸಾರಜನಕ ಹೆಚ್ಚಾದಂತೆ ಎಲೆಯಲ್ಲಿ ಮಗುವಿಗೆ ಒಳ್ಳೆಯದಲ್ಲದ ನೈಟ್ರೇಟ್ ಎಂಬ ಲವಣ ಸಂಗ್ರಹವಾಗುತ್ತದೆ. ಕೊಯ್ದ ಸೊಪ್ಪನ್ನು ಹರಿಯುವ ನೀರಿನಲ್ಲಿ ಎರಡು ಮೂರು ಬಾರಿ ತೊಳೆದು ಬೇಯಿಸಿಯೇ ಕೊಡಿ.

ಮಗು ಓಡಾಡುವ ಜಾಗದಿಂದ ಕಣಗಲೆ, ದತ್ತೂರಿ, ಹರಳು, ಡೈಫನ್‌ಬೇಕಿಯಾ ಗಿಡಗಳನ್ನು ಇಂದೇ ತೆರವು ಮಾಡಿ. ಇವು ಬಾಯಿಗೆ ಹೋದರೆ ಅಪಾಯ. ಬಣ್ಣ ಅಥವಾ ರಾಸಾಯನಿಕ ತುಂಬಿದ್ದ ಹಳೆಯ ಡಬ್ಬಗಳಲ್ಲಿ ಸೊಪ್ಪು ಬೆಳೆಯಬೇಡಿ. ಕುಂಡದಡಿಯ ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೆ ಒಮ್ಮೆಯಾದರೂ ಚೆಲ್ಲಿ ಉಜ್ಜಿ ಒಣಗಿಸಬೇಕು, ಡೆಂಗಿ ಹರಡುವ ಸೊಳ್ಳೆಗೆ ಅಷ್ಟು ನೀರು ಸಾಕಾಗುತ್ತದೆ.

ಪ್ರಶ್ನೆ: ಮಗನಿಗೆ ಹತ್ತು ತಿಂಗಳು. ಬೆಳಿಗ್ಗೆಯೇ ಸೊಪ್ಪು ಬೇಳೆ ಬೇಯಿಸಿಟ್ಟು ಕೆಲಸಕ್ಕೆ ಹೋಗುತ್ತೇನೆ. ಅವನು ಉಗುಳುತ್ತಾನೆಂದು ನಮ್ಮ ಅಮ್ಮ ಜೇನುತುಪ್ಪ ಬೆರೆಸಿ ತಿನ್ನಿಸುತ್ತಾರೆ. ಹೀಗೆ ಮಾಡಬಹುದೇ?

ಉತ್ತರ: ಜೇನುತುಪ್ಪವನ್ನು ಇಂದಿನಿಂದಲೇ ನಿಲ್ಲಿಸಿ. ಅದರಲ್ಲಿ ಇರಬಹುದಾದ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಬೆಳೆದು ವಿಷ ಉತ್ಪಾದಿಸಬಲ್ಲವು. ಮಲಬದ್ಧತೆಯಿಂದ ಆರಂಭವಾಗಿ ಅಳು ಕ್ಷೀಣಿಸುವುದು, ಕತ್ತು ವಾಲುವುದು, ಉಸಿರಾಟ ಕಷ್ಟವಾಗುವುದು ಅದರ ಲಕ್ಷಣಗಳು. ಮನೆಯಲ್ಲಿ ಬೇಯಿಸುವ ಶಾಖಕ್ಕೂ ಆ ಬೀಜಾಣುಗಳು ಸಾಯುವುದಿಲ್ಲ. ಇದುವರೆಗೆ ಏನೂ ಆಗದಿದ್ದರೆ ಗಾಬರಿಯಾಗಬೇಡಿ, ಆದರೆ ಈ ಲಕ್ಷಣಗಳು ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಬೇಯಿಸಿದ ಸೊಪ್ಪನ್ನು ಹೊರಗೆ ಗಂಟೆಗಟ್ಟಲೆ ಇಡುವುದು ಎರಡು ಕಾರಣಕ್ಕೆ ತಪ್ಪು: ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ, ಅವೇ ಸೊಪ್ಪಿನ ನೈಟ್ರೇಟನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ, ಅದು ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಗ್ಗಿಸುತ್ತದೆ. ಸೊಪ್ಪನ್ನು ಬಿಡಿಸಿ, ತೊಳೆದು ಫ್ರಿಜ್ಜಿನಲ್ಲಿಟ್ಟು ಹೋಗಿ. ಬೆಂದ ಬೇಳೆಯನ್ನೂ ಆರಿಸಿ ಒಳಗಿಡಿ. ಊಟದ ಹೊತ್ತಿಗೆ ನಿಮ್ಮ ಅಮ್ಮ ಎರಡನ್ನೂ ಕೂಡಿಸಿ ಕುದಿಸಿದರೆ ಹತ್ತೇ ನಿಮಿಷದ ಕೆಲಸ.

ಇನ್ನು ಉಗುಳುವುದು. ಹೊಸ ರುಚಿಯನ್ನು ಮಗು ಒಪ್ಪಲು ಎಂಟು ಹತ್ತು ಬಾರಿಯಾದರೂ ಬೇಕಾಗಬಹುದು, ಆದ್ದರಿಂದ ಬಲವಂತ ಮಾಡದೆ ಮರುದಿನ ಮತ್ತೆ ನೀಡಿ. ಹತ್ತು ತಿಂಗಳ ಮಗುವಿಗೆ ಅರೆದದ್ದು ಬೇಸರವಾಗಿರಲೂಬಹುದು: ಸೊಪ್ಪು ಸಣ್ಣಗೆ ಹೆಚ್ಚಿ ಹಾಕಿದ ಮೆತ್ತನೆಯ ಇಡ್ಲಿಯ ತುಂಡನ್ನು ಕೈಗೇ ಕೊಟ್ಟು, ನೀವೆಲ್ಲ ಉಣ್ಣುವಾಗ ಜೊತೆಯಲ್ಲಿ ಕೂರಿಸಿಕೊಳ್ಳಿ. ಪ್ರತಿ ತಿಂಗಳು ಅಂಗನವಾಡಿಯಲ್ಲಿ ತೂಕ ಮಾಡಿಸಿ ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಗುರುತು ಹಾಕಿಸಿ. ಆ ಗೆರೆ ಎರಡು ತಿಂಗಳು ಮೇಲೇರದೆ ನಿಂತರೆ ಮಕ್ಕಳ ವೈದ್ಯರಿಗೆ ತೋರಿಸಬೇಕು.