ಮರ ಹುಗಿದು ತರಕಾರಿ ಮಡಿ

ಪ್ರಶ್ನೆ: ಮಳೆಗೆ ಬಿದ್ದ ಮಾವಿನ ಕೊಂಬೆ, ತೆಂಗಿನ ಕಾಂಡ ಹಿತ್ತಲಲ್ಲೇ ಕೊಳೆಯುತ್ತಿವೆ. ಇವನ್ನು ಹುಗಿದು, ಮೇಲೆ ಮಣ್ಣು ಏರಿಸಿ ತರಕಾರಿ ಬೆಳೆಯಬಹುದಾ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಮಾವು ಧಾರಾಳವಾಗಿ ಹಾಕಿ. ತೆಂಗು ಮಾತ್ರ ಬೇಡ. ಕೊಳೆತ ತೆಂಗಿನ ಕಾಂಡದಲ್ಲಿ ಕುರುವಾಯಿ ದುಂಬಿ ಮೊಟ್ಟೆ ಇಡುತ್ತದೆ, ಆಮೇಲೆ ಅದು ನಿಮ್ಮ ಉಳಿದ ಮರಗಳ ಸುಳಿಗೇ ಬರುವುದು ಅಲ್ವಾ?

ನಮ್ಮ ಕರಾವಳಿ ಮಳೆಗೆ ಆಳದ ಗುಂಡಿ ತೋಡಿದರೆ ನೀರು ನಿಲ್ಲುತ್ತದೆ. ಸುಮ್ನೆ ನೆಲದ ಮೇಲೇ ಕೊಂಬೆ ಜೋಡಿಸಿ, ಸಂದಿಗೆ ದರಕು (ಒಣ ಎಲೆ), ಸಗಣಿ ತುಂಬಿ, ಮೇಲೆ ಒಂದಡಿ ಮಣ್ಣು ಹಾಕಿ. ಒತ್ತಿದರೆ ಸ್ಪಂಜಿನಂತೆ ನೀರು ಬಿಡುವಷ್ಟು ಕೊಳೆತ ಕೊಂಬೆ ಸಿಕ್ಕರೆ ಇನ್ನೂ ಒಳ್ಳೆಯದು, ಬೇಸಿಗೆಯಲ್ಲಿ ಮಡಿ ಬೇಗ ಒಣಗುವುದಿಲ್ಲ. ಹೊಸ ಮರವಾದರೆ ಅದನ್ನು ಕೊಳೆಸುವ ಸೂಕ್ಷ್ಮಾಣುಗಳು ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತವೆ, ಎಲೆ ಹಳದಿಯಾಗಬಹುದು. ಅದಕ್ಕೇ ಮೊದಲ ವರ್ಷ, ಗಾಳಿಯಿಂದ ಸಾರಜನಕ ಪಡೆಯಬಲ್ಲ ಅಲಸಂದೆ ಹಾಕಿ. ಒರಲೆ (ಗೆದ್ದಲು) ಬರುವುದುಂಟು, ಮಡಿ ಮನೆಗೋಡೆಯಿಂದ ದೂರ ಇರಲಿ.